ಶಾಂತಿಗೊಂದು ಕೆಲಸ

ರೈಲು ಓಡಿಸುತ್ತಿದ್ದ ಮಾವ ನಿವೃತ್ತರಾದ ಮೇಲೆ ಸೋಫಾ ಹಿಡಿದವರು ಏಳಲೇ ಇಲ್ಲ. ಕಿಟಕಿಯಾಚೆ ಹೋಗುವ ಬಸ್ಸುಗಳನ್ನು ಬೈಯುವುದೊಂದೇ ಅವರಿಗೆ ಉಳಿದಿದ್ದ ಉದ್ಯೋಗ. ಅವರಿಗೊಂದು ಜೊತೆಯಿರಲಿ ಎಂದು, ಕನ್ನಡಕದಂಗಡಿ ನಡೆಸುತ್ತಿದ್ದ ಸೊಸೆ ಊರಾಚೆಯ ತೋಟದಮನೆಯಿಂದ ಒಂದು ಸ್ಪ್ಯಾನಿಯಲ್ ನಾಯಿಮರಿ ತಂದಳು.

ತೋಟದವನು ಹೇಳಿಯೇ ಇದ್ದ: "ನೋಡಮ್ಮ, ಇದರ ಅಪ್ಪ ಅಮ್ಮ ಇಬ್ರೂ ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸೋ ಜಾತಿ. ಮಡಿಲಲ್ಲಿ ಕೂರೋದಲ್ಲ ಇದು."

ಸೊಸೆ ಅವನ ಮಾತಿಗೆ ಕಿವಿಗೊಡದೆ ಮರಿಯ ಕಿವಿ ಸವರುತ್ತಿದ್ದಳು. ದಾರಿಯಲ್ಲೇ ಅದಕ್ಕೆ ಶಾಂತಿ ಎಂದು ಹೆಸರಿಟ್ಟಳು. ಮರಿಗೆ ವರ್ಷ ತುಂಬುವ ಹೊತ್ತಿಗೆ ಮನೆಯಲ್ಲಿ ಇಲ್ಲದಿದ್ದದ್ದು ಅದೊಂದೇ.

ಶಾಂತಿ ಯಾವುದನ್ನೂ ಕಚ್ಚಿ ಹರಿಯುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು. ಹಲ್ಲಿನ ಗುರುತೂ ಬೀಳದಂತೆ ಮೆತ್ತಗೆ ಬಾಯಲ್ಲಿ ಹಿಡಿದು ತರುತ್ತಿತ್ತು, ಅಷ್ಟೆ. ಕಾಲುಚೀಲ, ಸಾಬೂನು, ಮಾವನ ಹಲ್ಲಿನ ಸೆಟ್ಟು, ಪಕ್ಕದ ಮನೆಯವರು ಒಣಹಾಕಿದ ಬಟ್ಟೆ, ಒಮ್ಮೆ ಜೀವಂತ ಕೋಳಿ. ಸೊಸೆ ಬಾಗಿಲಲ್ಲಿ ನಿಂತು "ಶಾಂತಿ! ಶಾಂತಿ!" ಎಂದು ಕೂಗುವುದನ್ನು ಕೇಳಿ ಕೇಳಿ, ಈ ಮನೆಯಲ್ಲಿ ದಿನಾ ಹೊಡೆದಾಟವೆಂದು ಮಹಡಿಯ ದರ್ಜಿ ನಂಬಿಬಿಟ್ಟಿದ್ದ.

ಸುಸ್ತಾದರೆ ಸುಮ್ಮನಾದೀತೆಂದು ಸೊಸೆಯ ಗಂಡ ಬೆಳಗ್ಗೆ ಅದನ್ನು ಓಡಿಸತೊಡಗಿದ. ತಿಂಗಳಾಗುವಷ್ಟರಲ್ಲಿ ಅವನು ಸೊರಗಿದ, ಶಾಂತಿ ಇನ್ನಷ್ಟು ಗಟ್ಟಿಯಾಯಿತು. ಕೊನೆಗೆ ಮೂವರೂ ಅದನ್ನು ಪಶುವೈದ್ಯೆಯ ಬಳಿಗೆ ಒಯ್ದರು.

"ಇದಕ್ಕೆ ಏನಾದ್ರೂ ಮಾತ್ರೆ ಕೊಡಿ ಡಾಕ್ಟ್ರೇ," ಎಂದ ಗಂಡ.

"ಮಾತ್ರೆ ಬೇಕಿದ್ರೆ ನಿಮಗೆ ಕೊಡ್ತೀನಿ. ಓಡಿಸಿ ಓಡಿಸಿ ಇದನ್ನ ಓಟಗಾರ್ತಿ ಮಾಡಿಟ್ಟಿದ್ದೀರಿ," ಎಂದು ವೈದ್ಯೆ ನಕ್ಕಳು. "ಕಾಲಿಗಲ್ಲ, ಮೂಗಿಗೆ ಕೆಲಸ ಕೊಡಿ. ದುಡಿಯೋ ತಳಿ ಇದು. ಕೆಲಸ ಇಲ್ದಿದ್ರೆ ತಾನೇ ಒಂದು ಹುಡುಕಿಕೊಳ್ಳುತ್ತೆ."

ಮೂಲೆಯ ಕುರ್ಚಿಯಲ್ಲಿದ್ದ ಮಾವ ತಲೆಯೆತ್ತಿದರು. "ಮತ್ತಿನ್ನೇನು! ಜೀವಮಾನವೆಲ್ಲಾ ಎಂಜಿನ್ ಓಡಿಸಿದವನ್ನ ಮೂಲೇಲಿ ಕೂರ್ಸಿ ನೋಡಿ, ನಾನೂ ಒಂದಿನ ಯಾರದೋ ಕೋಳಿ ಹಿಡ್ಕೊಂಡು ಬಂದೇನು!"

ಮರುದಿನ ಮಾವ ತಮ್ಮ ಹಳೆಯ ಕೈಗವಸನ್ನು ಅದಕ್ಕೆ ಮೂಸಿಸಿ, ಕಪಾಟಿನ ಹಿಂದೆ ಬಚ್ಚಿಟ್ಟು "ಹುಡುಕು" ಎಂದರು. ಶಾಂತಿ ನೆಲಕ್ಕೆ ಮೂಗು ಹಚ್ಚಿ, ಬಾಲ ಬೀಸುತ್ತಾ, ಕಸ ಗುಡಿಸಿದಂತೆ ಕೋಣೆಯನ್ನು ಮೂಲೆಮೂಲೆಯೂ ಜಾಲಾಡಿತು. ಕೈಗವಸು ತಂದು ಮಾವನ ಕೈಗಿಟ್ಟಿತು. ಅದೇ ಆಟ ಹಲವು ಸಲ ಆದ ಮೇಲೆ ಅವರ ಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿತು. ಎಂದೂ ಇಲ್ಲದ ಮೌನಕ್ಕೆ ಗಾಬರಿಯಾದ ಸೊಸೆ, ಉಸಿರಾಡುತ್ತಿದೆಯೇ ಎಂದು ಮುಟ್ಟಿ ನೋಡಿದಳು.

ಅಂದಿನಿಂದ ಇಬ್ಬರಿಗೂ ಡ್ಯೂಟಿ. ಬೆಳಗ್ಗೆ ಮೈದಾನದಲ್ಲಿ, ಸಂಜೆ ಮನೆಯೊಳಗೆ. ಹುಲ್ಲಲ್ಲಿ ಬಿದ್ದುಹೋಗಿದ್ದ ದರ್ಜಿಯ ಬೀಗದ ಕೈಯನ್ನೂ ಶಾಂತಿ ಹುಡುಕಿಕೊಟ್ಟಿತು. ಮಾವನ ಹೊಟ್ಟೆ ಕರಗಿತು. ಬಸ್ಸುಗಳು ಬೈಗುಳವಿಲ್ಲದೆ ಓಡಾಡಿದವು.

ತೊಂದರೆಯೆಂದರೆ ಮಾವನಿಗೆ ಸಕ್ಕರೆ ಕಾಯಿಲೆ. ಸೊಸೆ ಬಿಸ್ಕತ್ತಿನ ಡಬ್ಬವನ್ನು ಎಲ್ಲಿ ಅಡಗಿಸಿಟ್ಟರೂ ಅದು ಹಗುರಾಗುತ್ತಲೇ ಇತ್ತು. ಒಂದು ಮಧ್ಯಾಹ್ನ ಅವಳು ಬೇಗ ಮನೆಗೆ ಬಂದಾಗ, ಶಾಂತಿ ಬಟ್ಟೆಯ ಬೀರುವಿನಿಂದ ಡಬ್ಬ ಕಚ್ಚಿಕೊಂಡು ಮಾವನತ್ತ ಹೊರಟಿತ್ತು. ಅವಳನ್ನು ಕಂಡ ಖುಷಿಗೆ ದಾರಿ ಬದಲಿಸಿ ಡಬ್ಬವನ್ನು ಅವಳ ಕೈಗೇ ಇಟ್ಟಿತು.

"ಮಾವ, ಇದನ್ನ ಯಾರು ಕಲಿಸಿದ್ದು?"

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲಮ್ಮ."

"ಯಾರ ಹುಟ್ಟುಗುಣ?"

ಮಾವ ನಾಯಿಯನ್ನು ನೋಡಿದರು. ನಾಯಿ ಮಾವನನ್ನು ನೋಡಿತು.

ಮರುದಿನ ಸೊಸೆ ಡಬ್ಬವನ್ನು ಅಂಗಡಿಗೇ ಒಯ್ದು ಮೇಜಿನ ಕೆಳಗಿಟ್ಟಳು. ಒಬ್ಬ ಅಜ್ಜಿಯ ಮೂಗಿಗೆ ಕನ್ನಡಕದ ಫ್ರೇಮು ಹೊಂದಿಸುತ್ತಿದ್ದಾಗ ಬಾಗಿಲು ತಳ್ಳಿಕೊಂಡು ಶಾಂತಿ ಬಂತು, ನೇರವಾಗಿ ಮೇಜಿನಡಿ ನುಗ್ಗಿತು. ಹಗ್ಗದ ಇನ್ನೊಂದು ತುದಿಯಲ್ಲಿ ಏದುಸಿರು ಬಿಡುತ್ತಿದ್ದ ಮಾವ.

"ನಂದೇನೂ ಇಲ್ಲಮ್ಮ," ಎಂದರು. "ಇದೇ ನನ್ನ ಎಳ್ಕೊಂಡು ಬಂತು."

ಅಷ್ಟು ದೂರ ನಡೆದು ಬೆವೆತು ಕೆಂಪಾಗಿದ್ದ ಆ ಮುಖ ನೋಡಿ ಸೊಸೆಗೆ ನಗು ತಡೆಯಲಾಗಲಿಲ್ಲ. ಒಂದು ಬಿಸ್ಕತ್ತು ಮುರಿದು ಇಬ್ಬರಿಗೂ ಅರ್ಧರ್ಧ ಕೊಟ್ಟಳು.

"ಇಷ್ಟೇ. ವಾಪಸ್ಸೂ ನಡ್ಕೊಂಡೇ ಹೋಗ್ಬೇಕು."

"ಹೂಂ ತಾಯಿ," ಎಂದ ಮಾವ, ಇಬ್ಬರ ಪಾಲೂ ಒಂದೇ ಅಳತೆಯೇ ಎಂದು ಬಗ್ಗಿ ನೋಡಿದರು. ಶಾಂತಿ ಅಷ್ಟರಲ್ಲಿ ತನ್ನದನ್ನು ನುಂಗಿಯಾಗಿತ್ತು.