ಮೂರನೆಯ ಪೆಡಲು

ಮೂರನೆಯ ಪೆಡಲನ್ನು ಒತ್ತಿದಾಗ ಬಂದದ್ದು ಬೇರೆ ಯಾರದೋ ಮನೆಯ ಸ್ವರ. ಅವಳು ಕಾಲು ತೆಗೆದು ಮತ್ತೆ ಒತ್ತಿದಳು. ಸ್ವರ ದುಂಡಗಿತ್ತು, ಶುದ್ಧವಾಗಿತ್ತು, ಅದಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ.

ವಾದ್ಯ ರಿಪೇರಿಯ ಮೇಸ್ತ್ರಿ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, ಬಡಿಸಿದ ಅಡುಗೆಗೆ ಹೊಗಳಿಕೆ ಬರಲೆಂದು ಕಾದವನಂತೆ ನಿಂತಿದ್ದ.

"ಒಳಗೆಲ್ಲ ತಲೆಕೆಳಗಾಗಿತ್ತಮ್ಮಾ. ಯಾರೋ ಗೊತ್ತಿಲ್ಲದೋರು ಜೋಡಿಸಿದ್ರು. ಎಲ್ಲಾ ಸರಿ ಮಾಡಿದೀನಿ."

"ಸರಿ ಮಾಡಿ ಅಂತ ಯಾರು ಹೇಳಿದ್ರು? ಮುರಿದ ಕಡ್ಡಿ ಬದಲಾಯಿಸಿ ಅಂದಿದ್ದಷ್ಟೆ."

"ಕಡ್ಡಿನೂ ಬದಲಾಯಿಸಿದೀನಲ್ಲ," ಅಂದ ಮೇಸ್ತ್ರಿ. ಅವನ ಮುಖದಲ್ಲಿ ತಪ್ಪು ಮಾಡಿದ ಸುಳಿವೇ ಇರಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು.

ಎದೆಗೊತ್ತಿಕೊಂಡು ನುಡಿಸುವ ಗಿಟಾರಲ್ಲ ಇದು, ಪೆಡಲ್ ಸ್ಟೀಲ್ ಗಿಟಾರು. ನಾಲ್ಕು ಕಾಲಿನ ಮೇಲೆ ಮೇಜಿನಂತೆ ಅಂಗಾತ ಮಲಗಿರುತ್ತದೆ. ಮೇಲೆ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ಗುಂಡು ಸಲಾಕೆ ಜಾರಿಸಬೇಕು, ಬಲಗೈಯಲ್ಲಿ ಮೀಟಬೇಕು, ಎಡಗಾಲಲ್ಲಿ ಕೆಳಗಿನ ಪೆಡಲುಗಳನ್ನು ಒತ್ತಬೇಕು, ಎರಡೂ ಮೊಣಕಾಲುಗಳಿಂದ ಅಕ್ಕಪಕ್ಕದ ಸನ್ನೆಕೋಲುಗಳನ್ನು ತಳ್ಳಬೇಕು. ಪೆಡಲು ಒತ್ತಿದರೆ ಹೊಟ್ಟೆಯೊಳಗಿನ ಕಡ್ಡಿ ತಂತಿಯನ್ನು ಎಳೆಯುತ್ತದೆ ಅಥವಾ ಸಡಿಲಿಸುತ್ತದೆ. ನುಡಿಯುತ್ತಿರುವ ಸ್ವರ ನುಡಿಯುತ್ತಲೇ ಏರುತ್ತದೆ, ಇಳಿಯುತ್ತದೆ. ಯಾವ ಪೆಡಲಿಗೆ ಯಾವ ತಂತಿ ಎಂಬುದಕ್ಕೆ ಎಲ್ಲರೂ ಒಪ್ಪಿಕೊಂಡ ಒಂದೆರಡು ಕ್ರಮಗಳಿವೆ. ಅವಳ ಅಪ್ಪನಿಗೆ ಆ ಕ್ರಮಗಳು ಗೊತ್ತಿರಲಿಲ್ಲ.

ಅಪ್ಪ ದರ್ಜಿ. ಮುಚ್ಚಿಹೋದ ಹೋಟೆಲೊಂದರಿಂದ ಈ ವಾದ್ಯ ತಂದು, ಹೇಳಿಕೊಡುವವರಿಲ್ಲದೆ, ಹೊಲಿಗೆ ಯಂತ್ರ ಬಿಚ್ಚಿದ ಹಾಗೆ ಬಿಚ್ಚಿ, ತನ್ನ ಕಿವಿಗೆ ಒಪ್ಪುವಂತೆ ಜೋಡಿಸಿದ್ದ. ಮೂರನೆಯ ಪೆಡಲಿಗೆ ಪಕ್ಕಪಕ್ಕದ ಎರಡು ತಂತಿಗಳನ್ನು ಕಟ್ಟಿದ್ದ. ಒತ್ತಿದರೆ ಕೆಳಗಿನ ಸ್ವರ ಮೇಲೇರುತ್ತಿತ್ತು, ಮೇಲಿನದು ಕೆಳಗಿಳಿಯುತ್ತಿತ್ತು. ಕೊನೆಗೆ ಉಳಿಯುವುದು ಅವೇ ಎರಡು ಸ್ವರ, ಜಾಗ ಮಾತ್ರ ಅದಲು ಬದಲು. ಅಪ್ಪ ಸತ್ತಮೇಲೆ ಅವಳು ಅದನ್ನೇ ನುಡಿಸಿದಳು. ಚಿಕ್ಕಪ್ಪನ ವಾದ್ಯಗೋಷ್ಠಿಗೆ ಜನ ಬರುತ್ತಿದ್ದದ್ದೇ ಆ ಪೆಡಲಿನ ಮೇಲೆ ನಿಂತ ಒಂದು ಧಾಟಿಗಾಗಿ. ಅದು ಅಪ್ಪ ಕಟ್ಟಿದ ಧಾಟಿ. ನಾಳೆ ಬೆಳಿಗ್ಗೆ ಅದನ್ನು ಮೊದಲ ಸಲ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುವುದಿತ್ತು. ಈವರೆಗೆ ಅದು ಎಲ್ಲೂ ಉಳಿದಿರಲಿಲ್ಲ, ಚಿಕ್ಕಪ್ಪನ ಫೋನಿನಲ್ಲಿ ಚಪ್ಪಾಳೆಯ ಕೆಳಗೆ ಹೂತುಹೋದ ಒಂದು ತುಣುಕನ್ನು ಬಿಟ್ಟರೆ.

"ಒತ್ತಿದ್ರೂ ಅದೇ ಎರಡು ಸ್ವರ, ಬಿಟ್ರೂ ಅದೇ ಎರಡು ಸ್ವರ," ಅಂದ ಮೇಸ್ತ್ರಿ. "ಇದೆಂಥ ಪೆಡಲಮ್ಮಾ? ಮನೆ ಬಿಟ್ಟು ಊರೆಲ್ಲ ಸುತ್ತಿ ಅದೇ ಮನೆಗೆ ಬಂದ ಹಾಗೆ."

"ಸುತ್ತೋದೇ ಬೇಕಾಗಿತ್ತು ನನಗೆ. ಮೊದಲಿದ್ದ ಹಾಗೆ ಮಾಡ್ಕೊಡಿ."

"ಯಾವ ಕಡ್ಡಿ ಯಾವ ತೂತಿಗಿತ್ತೋ ನಾನು ನೋಡ್ಕೊಂಡಿಲ್ಲ. ಮೊದಲು ಹೇಗಿತ್ತು, ಹೇಳಿ."

ಅವಳು ವಾದ್ಯದಡಿ ಬಗ್ಗಿ ನೋಡಿದಳು. ಇಷ್ಟು ವರ್ಷ ಅವಳು ಒಮ್ಮೆಯೂ ಆ ವಾದ್ಯವನ್ನು ಮಗುಚಿ ನೋಡಿರಲಿಲ್ಲ. ಅವಳ ಪಾಲಿಗೆ ಅದರ ಹೊಟ್ಟೆಯೊಳಗೆ ಇದ್ದದ್ದು ಕಡ್ಡಿಗಳಲ್ಲ, ಅಪ್ಪ.

ಮಧ್ಯಾಹ್ನವಿಡೀ ಕೆಲಸ ನಡೆಯಿತು. ಮೇಸ್ತ್ರಿ ಅಂಗಾತ ಮಲಗಿ ವಾದ್ಯದಡಿ ತಲೆ ತೂರಿಸಿ ಕಡ್ಡಿಯನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಸಿಕ್ಕಿಸುವುದು, ಅವಳು ಒತ್ತುವುದು, ಅದಲ್ಲ ಅನ್ನುವುದು. ಹಾಗಾದರೆ ಯಾವುದು ಎಂದು ಅವನು ಕೇಳಿದರೆ ಗೊತ್ತಿಲ್ಲ, ಇದಂತೂ ಅಲ್ಲ ಅನ್ನುವುದು. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವೂ ಜನರ ಕಣ್ಣೆದುರು ಗಾಜು ಬದಲಿಸುತ್ತ, ಈಗ ಚೆನ್ನಾಗಿ ಕಾಣುತ್ತಾ ಆಗ ಕಾಣುತ್ತಿತ್ತಾ ಎಂದು ಕೇಳುವವಳು. ಎರಡೂ ಒಂದೇ ಥರ ಇದೆಯಮ್ಮಾ ಎಂದು ತಡವರಿಸುವವರ ಮೇಲೆ ಒಳಗೊಳಗೇ ಸಿಡುಕುವವಳು. ಈಗ ಕುರ್ಚಿಯಲ್ಲಿ ಕೂತವಳು ತಾನೇ.

ಚಿಕ್ಕಪ್ಪನ ಫೋನಿನ ತುಣುಕನ್ನು ತರಿಸಿಕೊಂಡು ಕೇಳಿದರು. ಚಪ್ಪಾಳೆಯ ನಡುವೆ ಎರಡು ಸ್ವರಗಳು ಸಿಕ್ಕವು. ಮೇಸ್ತ್ರಿ ಒಂದು ತಂತಿಯನ್ನು ಏರುವುದಕ್ಕೂ ಪಕ್ಕದ್ದನ್ನು ಇಳಿಯುವುದಕ್ಕೂ ಕಟ್ಟಿ, ಶ್ರುತಿ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಿದ. ಅವಳು ಒತ್ತಿದಳು. ಸ್ವರಗಳು ಜಾಗ ಬದಲಿಸಿದವು. ಸ್ವರ ಅವೇ, ಪೆಡಲು ಅದೇ. ಆದರೂ ಅದಲ್ಲ.

ಮೇಸ್ತ್ರಿ ವಾದ್ಯದಡಿಯಿಂದ ತಲೆ ಹೊರಗೆ ಹಾಕಿದ. "ನನ್ನ ಹೆಂಡತಿ ಸೀರೆ ಅಂಗಡೀಲಿ ಹಿಂಗೇ ಮಾಡ್ತಾಳೆ. ಅಲ್ಲೂ ನಾನು ನೆಲದ ಮೇಲೇ ಕೂತಿರ್ತೀನಿ."

ಅವಳು ನಗಲಿಲ್ಲ. ಅಷ್ಟರಲ್ಲಿ ಅವಳಮ್ಮ ಊಟದ ಡಬ್ಬಿ ಹಿಡಿದು ಬಂದಳು. ಮಗಳ ಮುಖ ನೋಡಿ ಮೂಲೆಯ ಸ್ಟೂಲಿನ ಮೇಲೆ ಕೂತು, ಒಂದೆರಡು ಸಲ ಕೇಳಿಸಿಕೊಂಡು, ಇದು ಬಹಳ ನೀಟಾಗಿದೆ, ನಿಮ್ಮಪ್ಪನದು ಇಷ್ಟು ನೀಟಾಗಿರಲಿಲ್ಲ ಅಂದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು.

"ಅವರು ಹೊಲಿದ ಪ್ಯಾಂಟಲ್ಲಿ ಒಂದು ಕಾಲು ಯಾವಾಗ್ಲೂ ಉದ್ದ. ಕೇಳಿದ್ರೆ ನಿಮ್ಮ ಕಾಲೇ ಗಿಡ್ಡ ಅಂತಿದ್ರು."

ಮಗಳ ಕಾಲು ಪೆಡಲಿನ ಮೇಲೇ ನಿಂತಿತು. ಒಂದು ಉದ್ದ, ಒಂದು ಗಿಡ್ಡ. ಅಪ್ಪನ ಪೆಡಲಿನಲ್ಲಿ ಎರಡು ಸ್ವರಗಳೂ ಒಟ್ಟಿಗೆ ಹೊರಡುತ್ತಿರಲಿಲ್ಲ. ಕೆಳಗಿನದು ಮೊದಲು ಹತ್ತಿ ಬರುತ್ತಿತ್ತು, ಮೇಲೆ ನಿಂತದ್ದರ ಪಕ್ಕದಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಿತ್ತು, ಎರಡೂ ಒಂದೇ ಸ್ವರವಾಗುತ್ತಿದ್ದವು. ಆಮೇಲಷ್ಟೇ ಮೇಲಿನದು ಇಳಿದು ಹೋಗುತ್ತಿತ್ತು, ಮನಸ್ಸಿಲ್ಲದೆ ಎದ್ದು ಹೊರಟ ನೆಂಟರ ಹಾಗೆ. ಇದನ್ನು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಮೇಸ್ತ್ರಿ ಎದ್ದು ಕೂತ. ಅವನ ಮುಖ ಸಣ್ಣಗಾಯಿತು.

"ಮೇಲಿನ ಸ್ವರದ ಕಡ್ಡಿ ಸಿಕ್ಕಿಸೋ ಕೀಲು ಸವೆದು ತೂತು ಉದ್ದ ಆಗಿತ್ತಮ್ಮಾ. ಕಡ್ಡಿ ಅದರೊಳಗೆ ಅಷ್ಟು ದೂರ ಸುಮ್ನೆ ಜಾರಿ, ಆಮೇಲೆ ಎಳೀತಿತ್ತು. ಹಾಳಾಗಿದೆ ಅಂತ ಹೊಸದು ಹಾಕಿದೆ."

"ಹಳೇದೆಲ್ಲಿ?"

ಅವನು ಬಾಗಿಲ ಪಕ್ಕದ ತಗಡಿನ ಡಬ್ಬಿ ತೋರಿಸಿದ. ಡಬ್ಬಿ ಖಾಲಿ. ಬೆಳಿಗ್ಗೆಯಷ್ಟೇ ಗುಜರಿಯವನು ಬಂದು ಎತ್ತಿಕೊಂಡು ಹೋಗಿದ್ದ.

ಅಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದು ಊಟ ಮಾಡು ಅಂದಳು. ಮಗಳು ಮುಚ್ಚಳವನ್ನು ಮತ್ತೆ ಹಾಕಿಟ್ಟಳು.

ಹೊಸ ಕೀಲಿನ ತೂತನ್ನು ಅರದಿಂದ ಉಜ್ಜಿ ಉದ್ದ ಮಾಡಿ ಎಂದು ಅವಳು ಹೇಳಿದ್ದಕ್ಕೆ ಮೇಸ್ತ್ರಿ ಸುಲಭಕ್ಕೆ ಒಪ್ಪಲಿಲ್ಲ. ಬೇಕೆಂದೇ ಸಡಿಲ ಬಿಟ್ಟು ಕೊಟ್ಟ ಕೆಲಸವನ್ನು ನಾಳೆ ಯಾರಾದರೂ ಬಿಚ್ಚಿ ನೋಡಿದರೆ ತನ್ನ ಮಾನ ಉಳಿಯುತ್ತದೆಯೇ ಎಂದು ವಾದಿಸಿದ. ಯಾರೂ ಬಿಚ್ಚುವುದಿಲ್ಲ, ಬಿಚ್ಚುವ ಚಟ ನಿಮ್ಮೊಬ್ಬರಿಗೇ ಇರುವುದು ಎಂದು ಅವಳು ಹೇಳಿದ ಮೇಲೆ ಅರ ತೆಗೆದುಕೊಂಡ. ಉಜ್ಜಿ ಕೂರಿಸಿದರೆ, ಕಡ್ಡಿ ತೂತಿನ ಅಂಚಿಗೆ ಬಂದಾಗಲೆಲ್ಲ ಟಿಕ್ ಎಂದಿತು. ಸವೆದ ಲೋಹ ಸುಮ್ಮನಿರುತ್ತದೆ, ಉಜ್ಜಿದ ಲೋಹ ಬಾಯಿ ಬಿಡುತ್ತದೆ ಎಂದು ಗೊಣಗಿದ. ಚರ್ಮದ ಚೂರು ಇಟ್ಟ. ಸದ್ದು ನಿಂತಿತು, ಜೊತೆಗೆ ಆ ಒಂದು ಉಸಿರಿನ ತಂಗುವಿಕೆಯೂ ಮೆತ್ತಗಾಗಿ ಕಲಸಿಹೋಯಿತು. ತೆಳ್ಳಗಿನ ಚರ್ಮ ಹಾಕಿದರೆ ಮತ್ತೆ ಟಿಕ್. ಅಂಗಡಿ ಮುಚ್ಚುವ ಹೊತ್ತಿಗೆ ಅವರಿಗೆ ಸಿಕ್ಕಿದ್ದು ದಪ್ಪವೂ ಅಲ್ಲದ ತೆಳುವೂ ಅಲ್ಲದ ಒಂದು ಚೂರು, ಹೌದೂ ಅಲ್ಲದ ಅಲ್ಲವೂ ಅಲ್ಲದ ಒಂದು ಸ್ವರ.

ಸ್ಟುಡಿಯೋದಲ್ಲಿ ಮರುದಿನ ಎಲ್ಲರೂ ಹುರುಪಿನಲ್ಲಿದ್ದರು. ಅರಿಶಿನ ಬಣ್ಣದ ಸ್ಪಂಜು ಅಂಟಿಸಿದ ಗೋಡೆಗಳ ನಡುವೆ ಚಿಕ್ಕಪ್ಪ ತನ್ನ ಡ್ರಮ್ಮಿನ ಹಿಂದೆ ಹೊಸ ಅಂಗಿ ತೊಟ್ಟು ಕೂತಿದ್ದ. ಮೇಸ್ತ್ರಿಯೂ ಬಂದಿದ್ದ, ಕರೆಯದೆ, ಜೇಬಿನಲ್ಲಿ ಚರ್ಮದ ಚೂರುಗಳನ್ನು ತುಂಬಿಕೊಂಡು. ಗಾಜಿನಾಚೆ ಧ್ವನಿಮುದ್ರಕನ ಹಿಂದೆ ಗೋಡೆಗೊರಗಿ ನಿಂತ.

ನುಡಿಸಿದರು. ಮೂರನೆಯ ಪೆಡಲು ಬಂದಾಗ ಕೆಳಗಿನ ಸ್ವರ ಹತ್ತಿತು, ಪಕ್ಕದಲ್ಲಿ ನಿಂತ ಹಾಗೆ ಮಾಡಿತು, ಸರಿಯಾಗಿ ನಿಲ್ಲುವ ಮುಂಚೆಯೇ ಮೇಲಿನದು ಅವಸರದಲ್ಲಿ ಇಳಿದುಬಿಟ್ಟಿತು. ಮುಗಿದ ಮೇಲೆ ಚಿಕ್ಕಪ್ಪ ಕಣ್ಣೊರೆಸಿಕೊಂಡ.

"ಅಣ್ಣನೇ ಬಂದು ಕೂತ ಹಾಗಿತ್ತು ಕಣೇ."

ಅವಳು ಇನ್ನೊಂದು ಸಲ ಅಂದಳು. ಇನ್ನೊಂದು ಸಲ ಆಯಿತು. ಮತ್ತೂ ಒಂದು ಸಲ ಅಂದಳು. ಮೊದಲನೆಯದೇ ಚಿನ್ನದಂತಿತ್ತು ಎಂದು ಚಿಕ್ಕಪ್ಪ ಅಂದರೆ, ಇದರಲ್ಲಿ ಏನು ಸರಿಯಿಲ್ಲ ಹೇಳಿ ಎಂದು ಧ್ವನಿಮುದ್ರಕ ಕೇಳಿದ. ಕಂಪ್ಯೂಟರ್ ತೆರೆಯನ್ನು ಗಾಜಿನತ್ತ ತಿರುಗಿಸಿ ಎರಡು ಸಲದ ಧ್ವನಿಯ ಗೆರೆಗಳನ್ನು ತೋರಿಸಿ ಎರಡೂ ಒಂದೇ ಥರ ಇವೆಯಲ್ಲ ಅಂದ. ಅವಳು ಗೆರೆಗಳನ್ನು ನೋಡಿದಳು. ಒಂದೇ ಥರ ಇದ್ದವು. ಇದನ್ನೇ ಜನ ಮನೆಯಲ್ಲಿ ಕೇಳುತ್ತಾರೆ, ಇದೇ ಅಪ್ಪನದು ಅನ್ನುತ್ತಾರೆ, ಇನ್ನು ಕೆಲವು ವರ್ಷಗಳಲ್ಲಿ ತಾನೂ ಹಾಗೇ ಅಂದುಕೊಳ್ಳುತ್ತೇನೆ ಎಂದು ಅವಳಿಗೆ ಅನಿಸಿತು.

ಅವಳು ಗಾಜಿನಾಚೆಗೆ ನೋಡಿದಳು. ಎಲ್ಲರೂ ತಲೆದೂಗುತ್ತಿದ್ದಾಗ ಮೇಸ್ತ್ರಿ ಒಬ್ಬನೇ ಮೆಲ್ಲಗೆ ತಲೆ ಅಡ್ಡಡ್ಡ ಆಡಿಸುತ್ತಿದ್ದ. ಅದಲ್ಲ. ಇಡೀ ಲೋಕದಲ್ಲಿ ಆ ವ್ಯತ್ಯಾಸವನ್ನು ಕೇಳಬಲ್ಲ ಇನ್ನೊಂದು ಕಿವಿ ಸಿಕ್ಕಿತ್ತು. ಆ ಕಿವಿ ಹಳೆಯ ಕೀಲನ್ನು ಗುಜರಿಗೆ ಹಾಕಿದವನದೇ ಆಗಬೇಕಿತ್ತೇ ಎಂದು ಅವಳಿಗೆ ಅಳುವಷ್ಟು ಸಿಟ್ಟು ಬಂತು.

ಉಳಿದವರು ಚಹಾಕ್ಕೆ ಎದ್ದು ಹೋದಾಗ ಅವನು ಒಳಗೆ ಬಂದು ವಾದ್ಯದ ಪಕ್ಕ ಕುಕ್ಕುರುಗಾಲಲ್ಲಿ ಕೂತ.

"ಇದಕ್ಕೆ ನನ್ನ ಅರ ಸಾಲದಮ್ಮಾ. ನಿಮ್ಮ ಕಾಲೇ ಒತ್ತಿ ಒತ್ತಿ ಸವೆಸಬೇಕು."

"ಎಷ್ಟು ವರ್ಷ?"

"ನಿಮ್ಮಪ್ಪನ್ನ ಕೇಳ್ಬೇಕು."

ಅವಳು ಬಗ್ಗಿ, ಕೀಲಿನಿಂದ ಚರ್ಮದ ಚೂರನ್ನು ಕಿತ್ತು ಅವನ ಕೈಗೆ ಹಾಕಿದಳು. ಅಂಗೈಯನ್ನು ತಂತಿಗಳ ಮೇಲೆ ಚಾಚಿ ಸದ್ದಡಗಿಸಿ, ಪೆಡಲನ್ನು ಒತ್ತಿದಳು. ಟಿಕ್. ಬಿಟ್ಟಳು, ಮತ್ತೆ ಒತ್ತಿದಳು. ಟಿಕ್. ಹೊರಗಿನಿಂದ ಚಿಕ್ಕಪ್ಪ ಚಹಾ ಆರಿಹೋಗುತ್ತೆ ಬಾರೇ ಎಂದು ಕೂಗುತ್ತಿದ್ದ. ಅವಳು ಒತ್ತುತ್ತಲೇ ಇದ್ದಳು.