ಹೊತ್ತು ಮುಳುಗುವ ತನಕ ಕಾಯಬೇಡ, ಕೆಂಚಿ

ಬಿಳಿಗೆರೆಯ ಭೈರಮ್ಮನಿಗೆ ಈಚೆಗೆ ಕೊಬ್ಬರಿ ಕೆಲಸದಲ್ಲಿ ಮನಸ್ಸೇ ಇಲ್ಲ. ಅಟ್ಟದಿಂದ ಇಳಿಸಿದ ಒಣಗಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ಕೊಬ್ಬರಿ ಗಡಗಡ ಎನ್ನುತ್ತದೆ. "ಅಜ್ಜೀ, ಇದು ಆಗೈತೆ!" ಎಂದು ಕೂಗಲು ಮೊಮ್ಮಗಳು ಕೆಂಚಮ್ಮ ಪಕ್ಕದಲ್ಲಿಲ್ಲ.

ಎಂಟು ವರ್ಷದ ಆ ಹುಡುಗಿ ತಾಯಿಯ ಜೊತೆ ತುಮಕೂರಿನ ಆಸ್ಪತ್ರೆಯಲ್ಲಿದ್ದಾಳೆ. ಹೋದ ವರ್ಷ ಮುಖ, ಕಾಲು ಊದಿಕೊಂಡಾಗ ಮೂತ್ರಪಿಂಡದ ಕಾಯಿಲೆ ಎಂದು ಗೊತ್ತಾಗಿತ್ತು. ಮಾತ್ರೆಯಿಂದ ಊತ ಇಳಿದಿತ್ತು. ಈಗ ಚಳಿಜ್ವರ, ಉರಿಮೂತ್ರ.

"ಚಿತ್ತಣ್ಣಾ, ಈ ಎಳನೀರು ಬಸ್ಸಿಗೆ ಹಾಕ್ಕಂಡು ಹೋಗ್ಲಾ" ಎಂದಳು ಮಗನಿಗೆ. "ಕೂಸಿಗೆ ಉಷ್ಣ ಆಗಿರಾದು ಕಣ್ಲಾ. ಇದ್ನ ಕುಡುದ್ರೆ ನಾಳೀಕೇ ಮನೆಗ್ ಬತ್ತದೆ ಕೂಸು."

ಕೆಂಚಿಯ ಸುದ್ದಿ ಕೇಳಲು ಅಂಗಳಕ್ಕೆ ಬಂದ ಊರಿನ ನರ್ಸ್ ಪುಟ್ಟಗಂಗಮ್ಮನ ಕಿವಿಗೆ ಈ ಮಾತು ಬಿತ್ತು. "ಬೇಡ ಕಣಜ್ಜಿ. ಇದು ಉಷ್ಣ ಅಲ್ಲ, ಮೂತ್ರದ ದಾರೀಲಿ ನಂಜಾಗೈತೆ, ಇನ್ಫೆಕ್ಷನ್ ಅಂತಾರಲ್ಲ ಅದು. ಈ ಕಾಯಿಲೆ ಮಕ್ಕಳಿಗೆ ನೀರು, ಎಳನೀರು ಎಷ್ಟು ಅಂತ ಡಾಕ್ಟ್ರೇ ಹೇಳ್ಬೇಕು."

"ಹಿತ್ತಲ ಗಿಡ ಮದ್ದಲ್ಲ ಅಂದಂಗಾತು ಬುಡು! ನಂಜು ನಮ್ ಕೂಸಿಗೇ ಯಾಕ್ ಬತ್ತದೆ?"

"ಈ ಕಾಯಿಲೇಲಿ ಮೈ ಕಾಯೋ ಸತ್ವ ಮೂತ್ರದಾಗೆ ಸೋರಿ ಹೋಗ್ತೈತೆ. ಊತದ ಮಾತ್ರೇನೂ ನಂಜು ತಡಿಯೋ ಶಕ್ತಿ ತಗ್ಗಿಸ್ತೈತೆ. ಹಂಗಂತ ಮಾತ್ರೆ ನಾವಾಗೇ ನಿಲ್ಲಿಸಂಗಿಲ್ಲ. ಅದರ ಮೇಲೆ ಮಲ ಕಟ್ಟಿದ್ರೆ, ಹಿಂದಿಂದ ಮುಂದಕ್ಕೆ ತೊಳೆದ್ರೆ, ಉಚ್ಚೆ ತಡಕಂಡು ಕೂತ್ರೆ, ನಂಜಿಗೆ ನಾವೇ ಬಾಗಿಲು ತೆಗೆದಂಗೆ. ಕೆಂಚಿ ಹಗಲೊತ್ತು ಉಚ್ಚೆಗೆ ಹೋಗ್ತಿದ್ಲಾ?"

"ನಮ್ ಕೆಂಚೀನಾ?" ಭೈರಮ್ಮನ ಮುಖ ಅರಳಿತು. "ಜಾಣೆ ಅವಳು! ನಂಜೊತೆ ಕರಟ ಬಿಡ್ಸಕ್ಕೆ ಕೂತ್ರೆ ಹೊತ್ತು ಮುಳುಗೋಗಂಟ ಏಳ್ತಿರ್ಲಿಲ್ಲ. ಕಾಯಿ ಸುಲಿಯೋ ಗಂಡಸ್ರ ಎದುರ್ಗೆ ಹೆಣ್ಣೆಂಗ್ಸು ಎದ್ದೋದ್ರೆ ಏನು ಚಂದ? ನಾನೇ ಕಲ್ಸಿದ್ದು."

ಭೈರಮ್ಮನಿಗೆ ತಾನಾಡಿದ್ದು ತನಗೇ ಕೇಳಿಸಿತು. ಉಚ್ಚೆ ತಡೆಯಲು ಹಿಮ್ಮಡಿಯನ್ನು ತೊಡೆಸಂದಿಗೆ ಒತ್ತಿಕೊಂಡು, ತುಟಿ ಕಚ್ಚಿ ಕೂರುತ್ತಿದ್ದ ಮಗು ಕಣ್ಮುಂದೆ ಬಂತು. ಅದನ್ನು ಅವಳು ತುಂಟಾಟ ಎಂದುಕೊಂಡಿದ್ದಳು.

"ಹಂಗಾರೆ ಕೂಸು ಯಾವಾಗ ಬತ್ತದೆ ತಾಯಿ?"

"ನಂಜು ಇಳೀಲಿ, ಬತ್ತಾಳೆ. ಮನೇಲಿ ಮತ್ತೆ ಇದೇ ಪಾಠ ಆದ್ರೆ ಮತ್ತೆ ಆಸ್ಪತ್ರೇನೇ. ನೊಂದಿರೋ ಮೂತ್ರಪಿಂಡ ಇನ್ನೂ ಕೆಡ್ತೈತೆ."

ಮಾರನೆಯ ದಿನ ಚಿತ್ತಣ್ಣ ಕೊಟ್ಟಿಗೆಯ ಹಿಂದೆ ತೆಂಗಿನ ಗರಿ ಹೆಣೆದು ಮೂತ್ರಕ್ಕೆ ಹೋಗಲು ಮರೆ ಕಟ್ಟಿದ. ಒಳಗೆ ಚಪ್ಪಡಿ ಕಲ್ಲು, ನೀರಿನ ಕೊಡ. ತುಮಕೂರಿನ ಕಡೆಯ ಬಸ್ಸು ಬಂದಾಗಲೆಲ್ಲ ಭೈರಮ್ಮ ರಸ್ತೆಗೆ ಓಡುವಳು. ಇಳಿದವರ ಮುಖಗಳನ್ನೆಲ್ಲ ನೋಡಿ, ಬರಿಗೈಯಲ್ಲಿ ಹಿಂತಿರುಗುವಳು.

ಒಂದು ದಿನ ತಾಯಿಯ ಜೊತೆ ಕೆಂಚಿ ಇಳಿದಳು. ಸೊರಗಿದ್ದಳು, ನಗುತ್ತಿದ್ದಳು. ಮರುದಿನ ಅಜ್ಜಿಯ ಪಕ್ಕದಲ್ಲೇ ಕೂತು ಕಾಯಿ ಅಲ್ಲಾಡಿಸಿದಳು. ಸ್ವಲ್ಪ ಹೊತ್ತಿಗೆ ಕಾಯಿ ಬದಿಗೆ ಸರಿಸಿದಳು. ಹಿಮ್ಮಡಿ ಒತ್ತಿಕೊಂಡು, ಎದುರಿಗಿದ್ದ ಗಂಡಸರನ್ನು ನೋಡಿ ತಲೆ ತಗ್ಗಿಸಿದಳು.

ಭೈರಮ್ಮ ಕತ್ತಿ ಕೆಳಗಿಟ್ಟಳು. ಇಷ್ಟು ವರ್ಷ ಕೊಬ್ಬರಿಯ ಮುಂದೆ ಕೂತವಳು, ನಡುಹಗಲಲ್ಲಿ, ಎಲ್ಲರೆದುರು ಎದ್ದು ನಿಂತಳು.

"ಬಾ ಕೆಂಚಿ, ನಂಗೂ ಉಚ್ಚೆ ಬತ್ತೈತೆ" ಎಂದು ಗಟ್ಟಿಯಾಗಿ ಹೇಳಿ ಮೊಮ್ಮಗಳ ಕೈ ಹಿಡಿದು ಗರಿಯ ಮರೆಯ ಕಡೆ ನಡೆದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮೂತ್ರಪಿಂಡದ ಕಾಯಿಲೆಯ ಮಗು ನಿಮ್ಮ ಮನೆಯಲ್ಲೂ ಇರಬಹುದು. ಎರಡು ಮೂರು ಗಂಟೆಗೊಮ್ಮೆ ಅದನ್ನು ಮೂತ್ರಕ್ಕೆ ಕಳಿಸಿ. ಮುಂದಿನಿಂದ ಹಿಂದಕ್ಕೆ ತೊಳೆಯಲು ಕಲಿಸಿ, ಮಲ ಕಟ್ಟದಂತೆ ನೋಡಿಕೊಳ್ಳಿ. ಜ್ವರ, ಉರಿ, ಹೊಟ್ಟೆನೋವು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ನಿಮ್ಮ ಪಕ್ಕದ ಮಗು ಹಿಮ್ಮಡಿ ಒತ್ತಿ ಕೂತಿದೆಯೇನೋ, ಈಗಲೇ ತಿರುಗಿ ನೋಡಿ. ಕೂತಿದ್ದರೆ, ಮೊದಲು ನೀವು ಏಳಿ.