ಬಾಲದ ಇನ್ನೂರು ಗ್ರಾಂ

ಮುನಿವೆಂಕಟಮ್ಮ ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ಕಾವು ನೋಡಿ, ಮತ್ತೆ ರೆಕ್ಕೆಯ ಮೇಲೆ ಎಳೆದಳು. ಸುಕ್ಕುಗಟ್ಟಿದ್ದ ಕೆಂಪು ಪ್ಲಾಸ್ಟಿಕ್ ಹಾಳೆ ಬಿಸಿ ತಗುಲಿದ್ದೇ ತಡ, ಮೈ ಬಿಗಿದುಕೊಂಡು ಮರದ ಚೌಕಟ್ಟಿಗೆ ಅಂಟಿತು. ಆಳುದ್ದದ ರೆಕ್ಕೆ, ಎತ್ತಿದರೆ ಎಳೆಮಗುವಿನಷ್ಟೂ ಭಾರವಿಲ್ಲ. ಸೀರೆ, ಷರಟು ತಿಕ್ಕಿ ಸವೆದ ಕೈ ಅವಳದು. ವಿಮಾನ ತಿಕ್ಕುವಾಗ ಮಾತ್ರ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಗಂಡ ಮುನಿರಾಜಪ್ಪ ವಿಮಾನಪುರದ ಕಾರ್ಖಾನೆಯಿಂದ ರಿಟೈರಾದ ಮೇಲೆ ಹತ್ತಿಸಿಕೊಂಡ ಹುಚ್ಚು ಇದು. ನೆಲದಲ್ಲಿ ನಿಂತು ರಿಮೋಟ್ ಒತ್ತಿದರೆ ಆಕಾಶದಲ್ಲಿ ಲಾಗ ಹಾಕುವ ದೊಡ್ಡ ಮಾದರಿ ವಿಮಾನ. ಎಂಜಿನ್ ಕೆಲಸವೆಲ್ಲ ಶಿವಾಜಿನಗರದ ಮೆಕ್ಯಾನಿಕ್ ವಕಾರ್‌ದು. ಎರಡು ವರ್ಷದ ಹಿಂದೆ ಇಬ್ಬರೂ ಸೇರಿ ಕಟ್ಟಿದ ವಿಮಾನ ಮೇಲೇಳುತ್ತಲೇ ಮೂಗೆತ್ತಿ, ತಡವರಿಸಿ, ಬಿದ್ದು ಪುಡಿಯಾಯಿತು.

"ನಿನ್ನ ಎಂಜಿನ್‌ಗೆ ದಮ್ಮಿಲ್ಲ ಕಣಯ್ಯಾ" ಅಂದುಬಿಟ್ಟ ಮುನಿರಾಜಪ್ಪ. ಎಂಜಿನ್ ಅಲ್ಲೇ ಬಿಟ್ಟು ಹೋದ ವಕಾರ್ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ದಮ್ಮಿತ್ತು. ಅದು ಅವಳಿಗೊಬ್ಬಳಿಗೇ ಗೊತ್ತು. ಹಿಂದಿನ ದಿನ ಬಟ್ಟೆ ಒಣಹಾಕುವಾಗ ಅವಳ ಮೊಣಕೈ ತಾಗಿ ಬಾಲ ಮುರಿದಿತ್ತು. ಗಂಡ ಆಗಲೇ ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿ, ಮೂಗು ಬಾಲ ಎರಡರ ತೂಕವನ್ನೂ ಸಮ ಮಾಡಿಟ್ಟಿದ್ದ. ಯಾರು ಬೈಸಿಕೊಳ್ಳಬೇಕು ಅಂತ ಅವಳು ಗೋಂದಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಮೇಲೆ ಹಾಳೆ ಇಟ್ಟು, ಗುರುತೇ ಸಿಗದ ಹಾಗೆ ಇಸ್ತ್ರಿ ಹಾಕಿದ್ದಳು. ವಿಮಾನ ಬಿದ್ದ ಮೇಲೆ ಆ ಬಟ್ಟೆಯನ್ನು ಕಿತ್ತು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಇನ್ನೂರು ಗ್ರಾಂ. ಅಷ್ಟು ಉದ್ದದ ಬಾಲದ ತುದಿಯಲ್ಲಿ ಅದು ಕಲ್ಲುಗುಂಡು; ಬಾಲ ಜಗ್ಗಿ ಮೂಗೆತ್ತಿಸಿ ಕೆಡವಿದ್ದು ಅದೇ.

ಎಲ್ಲ ಒಪ್ಪಿಕೊಂಡು ವಕಾರ್‌ಗೆ ಕಾಗದವನ್ನೇನೋ ಬರೆದಿದ್ದಳು. ಅವನು ಓದಿದರೆ ಗಂಡನಿಗೂ ತಿಳಿಯುತ್ತದೆ ಅನ್ನೋ ಅಂಜಿಕೆ ಅದನ್ನು ಅಂಚೆಗೆ ಹೋಗಲು ಬಿಟ್ಟಿರಲಿಲ್ಲ.

ಈ ಸಲದ ಹೊಸ ವಿಮಾನಕ್ಕೆ ಮುನಿರಾಜಪ್ಪ ಇನ್ನೂ ದೊಡ್ಡ ಎಂಜಿನ್ ತಂದ. ಅದರ ಭಾರಕ್ಕೆ ಮೂಗು ತಗ್ಗಿತು. ಬಾಲಕ್ಕೆ ಸೀಸ ಕಟ್ಟಿದ. ಒಟ್ಟು ಭಾರ ಏರಿ, ಶಕ್ತಿ ಮತ್ತೆ ಸಾಲದಾಯಿತು.

"ಹಾಳಾಗ್ಲಿ, ಆ ವಕಾರಂದೇ ಹಾಕಿ ನೋಡೋಣ" ಅಂತ ಗೊಣಗುತ್ತ ಹಳೆಯದನ್ನೇ ಕೂರಿಸಿದ. ಬಾಲವನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ತಕ್ಕಡಿಯನ್ನು ಕಂಬಕ್ಕೆ ಬಿಗಿದು ಎಂಜಿನ್ ಚಾಲೂ ಮಾಡಿದ. ವಿಮಾನದ ತೂಕ ಹತ್ತೂವರೆ ಕೆಜಿ. ಎಂಜಿನ್ ಎಳೆತಕ್ಕೆ ಮುಳ್ಳು ಹದಿನಾರು ಕೆಜಿಗೆ ಹೋಗಿ ನಡುಗುತ್ತ ನಿಂತಿತು.

"ಇಷ್ಟು ದಮ್ಮಿರೋದು ಅವತ್ತು ಯಾಕೆ ಬಿತ್ತು ಮತ್ತೆ?" ಅಂದ.

ಮುನಿವೆಂಕಟಮ್ಮ ಒಳಗೆ ಹೋಗಿ ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು.

ಕೆ.ಆರ್. ಪುರದಾಚೆಯ ಬಯಲಿನಲ್ಲಿ ವಿಮಾನ ನೆಲ ಬಿಟ್ಟಿದ್ದೇ ಗೊತ್ತಾಗಲಿಲ್ಲ. ಮಗುಚಿತು, ಸುತ್ತಿತು, ಸೂರ್ಯನ ಕಡೆ ಏರಿತು. ಆಮೇಲೆ ಮೆಲ್ಲಗೆ ಇಳಿದು ಬಂದು, ತೆಂಗಿನ ಮರದೆತ್ತರದಲ್ಲಿ ಬಾಲ ಕೆಳಗೆ, ಮೂಗು ಮೇಲೆ ಮಾಡಿ ಗಾಳಿಯಲ್ಲಿ ನಿಂತೇಬಿಟ್ಟಿತು. ದಾರವಿಲ್ಲ, ಕೊಕ್ಕೆಯಿಲ್ಲ. ಹತ್ತೂವರೆ ಕೆಜಿ, ಬರೀ ತಿರುಗುವ ಪಂಖದ ಮೇಲೆ. ಕೆಂಪು ರೆಕ್ಕೆ ಉಸಿರಾಡುವಂತೆ ಅಲುಗುತ್ತಿತ್ತು. ಕೈಯೆತ್ತಿ ಮುಗಿಯಬೇಕು ಅನ್ನಿಸಿತು ಅವಳಿಗೆ. ಒಬ್ಬ ಮನುಷ್ಯನ ಕೈಕೆಲಸ ಹೀಗೆ ನಿಂತು ಸಾಕ್ಷಿ ಹೇಳುವಾಗ ತಾನಿನ್ನು ಬಾಯಿ ಮುಚ್ಚಿಕೊಂಡಿರುವುದು ಹೇಗೆ?

"ರೀ, ಅವತ್ತು ಬಾಲ ಮುರಿದಿದ್ದು ನಾನು."

ಮುನಿರಾಜಪ್ಪ ಮೊದಲು ವಿಮಾನ ಇಳಿಸಿದ. ಬಾಲಕ್ಕೆ ಸುತ್ತಿದ ಬಟ್ಟೆ, ಅಂಚೆಗೆ ಹಾಕದ ಕಾಗದ, ಎಲ್ಲ ಪೂರ್ತಿ ಕೇಳಿಸಿಕೊಂಡ ಮೇಲೆ ನೆಲದ ಮೇಲೆ ಕೂತ.

"ಎರಡು ವರ್ಷ, ಅವನನ್ನ ಬೈಕೊಂಡೇ ದಿನಾ ಕಾಫಿ ಕುಡಿದಿದೀನಲ್ಲೇ!"

"ನನ್ನ ಬೈಯ್ರಿ ಈಗ."

"ಬೈತೀನಿ, ಮನೆಗೆ ನಡಿ. ಕಾಗದ ಕೊಡು ಮೊದ್ಲು."

"ಕವರ್ ಅಂಟಿಸ್ಬಿಟ್ಟಿದೀನಿ ಕಣ್ರಿ."

ಅವನು ಕವರಿನ ಹಿಂಬದಿಯಲ್ಲೇ ದಪ್ಪಕ್ಷರದಲ್ಲಿ ಬರೆದ: "ವಕಾರ್, ನಿನ್ನ ಎಂಜಿನ್ ಮೇಲೆ ವಿಮಾನ ನಿಂತಿತ್ತು. ತಪ್ಪಾಯ್ತು. ಬಾ."

ವಾಪಸು ಬರುವಾಗ ಅಂಚೆ ಪೆಟ್ಟಿಗೆ ಕಂಡಲ್ಲಿ ಗೂಡ್ಸ್ ಆಟೋ ನಿಲ್ಲಿಸಿದ. ಮುನಿವೆಂಕಟಮ್ಮ ಇಳಿದು ಕವರನ್ನು ಪೆಟ್ಟಿಗೆಯ ಬಾಯಿಗಿಟ್ಟು ಕೈ ಬಿಟ್ಟಳು.